ಉಪಗ್ರಹಕ್ಕೆ ನಮ್ಮ ತೋಟದ ಮಳೆ ಕಾಣುತ್ತದೆಯೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಗೇಟನ್ನು ಎಲ್ಲರಿಗೂ ತೆರೆದಿಡುತ್ತದೆ. ಹಳಬರ ಬಾಯಲ್ಲಿ ಇದು 'ಟಾಟಾ ಇನ್‌ಸ್ಟಿಟ್ಯೂಟ್'. ಆ ದಿನಕ್ಕೆ 'ಓಪನ್ ಡೇ' ಅಂತ ಹೆಸರು. ಟಿಕೆಟ್ ಇಲ್ಲ, ಯಾರ ಶಿಫಾರಸೂ ಬೇಡ. ಪ್ರಯೋಗಾಲಯಗಳ ಬಾಗಿಲು ತೆರೆದಿರುತ್ತದೆ. ಒಳಗೆ ಕೆಲಸ ಮಾಡುವ ವಿದ್ಯಾರ್ಥಿಗಳೇ ಮೇಜಿನ ಹಿಂದೆ ನಿಂತು ವಿವರಿಸುತ್ತಾರೆ.

ಬರುವವರಲ್ಲಿ ಶಾಲೆ-ಕಾಲೇಜು ಮಕ್ಕಳೇ ಹೆಚ್ಚು. ಕೃಷಿಕರು ಕಮ್ಮಿ. ರಾಕೆಟ್ ನೋಡಿ ನಮಗೇನಾಗಬೇಕು ಎಂಬ ಮಾತು ಸಹಜವೇ. 2024ರ ಫೆಬ್ರವರಿಯಲ್ಲಿ ನಾನು ರಾತ್ರಿ ಬಸ್ಸು ಹಿಡಿದು ಹೋದದ್ದು ರಾಕೆಟ್ ನೋಡಲಿಕ್ಕಲ್ಲ, ಒಂದು ಪ್ರಶ್ನೆ ಕೇಳಲಿಕ್ಕೆ.

ಪ್ರಶ್ನೆ ಇಷ್ಟೆ. ಜುಲೈಯಲ್ಲಿ ಅಡಿಕೆಗೆ ಎರಡನೇ ಸಲ ಬೋರ್ಡೋ ಬಿಡುವ ಹೊತ್ತು. ಮದ್ದು ಬಿಡುವವರು ಸಿಗುವುದೇ ಕಷ್ಟ. ಅವರು ಬಂದ ದಿನ ಮಳೆ ಹಿಡಿದರೆ ಕೂಲಿಯೂ ಹೋಯಿತು, ಮದ್ದೂ ಹೋಯಿತು. ತಡವಾದರೆ ಕೊಳೆರೋಗ ಗೊನೆಗೆ ಇಳಿಯಿತು. ಹಾಗಾಗಿ ಟಿವಿಯಲ್ಲಿ, ಮೊಬೈಲಿನಲ್ಲಿ ಉಪಗ್ರಹ ಚಿತ್ರ ನೋಡುತ್ತೇವೆ. ಎಷ್ಟೋ ಸಲ ಚಿತ್ರದಲ್ಲಿ ನಮ್ಮ ಕರಾವಳಿಯ ಮೇಲೆ ದೊಡ್ಡ ಮೋಡವೇ ಕಾಣುವುದಿಲ್ಲ. ಅಂಗಳದಲ್ಲಿ ಮಾತ್ರ ಧೋ ಅಂತ ಮಳೆ! ಇದು ಹೇಗೆ?

ಬಾಹ್ಯಾಕಾಶಕ್ಕೂ ಈ ಜಾಗಕ್ಕೂ ನಂಟು

ಸಂಸ್ಥೆ ಶುರುವಾದದ್ದು 1909ರಲ್ಲಿ. ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ವಿಮಾನ ಶಾಸ್ತ್ರದ ವಿಭಾಗ 1942ರಿಂದ ಉಂಟು. ನಮ್ಮ ದೇಶದ ಬಾಹ್ಯಾಕಾಶ ಕೆಲಸಕ್ಕೆ ಅಡಿಪಾಯ ಹಾಕಿದ ವಿಕ್ರಂ ಸಾರಾಭಾಯಿ ಇಲ್ಲಿ ಸಿ.ವಿ. ರಾಮನ್ ಅವರ ಬಳಿ ಕಾಸ್ಮಿಕ್ ಕಿರಣಗಳ ಅಧ್ಯಯನ ಮಾಡಿದವರು. ಸತೀಶ್ ಧವನ್ 1962ರಲ್ಲಿ ಇಲ್ಲಿನ ನಿರ್ದೇಶಕರಾದರು. 1972ರಲ್ಲಿ ಇಸ್ರೋ ಅಧ್ಯಕ್ಷ ಸ್ಥಾನವೂ ಅವರ ಹೆಗಲೇರಿತು. ಎರಡನ್ನೂ ಹಲವು ವರ್ಷ ಒಟ್ಟಿಗೇ ನಡೆಸಿದರು. ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದರ ಮುಂದಾಳು ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು.

ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಂದು ಕೆಲಸವಾಯಿತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷಕ್ಕೆ ಎರವಲು ಪಡೆದು, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕೊಟ್ಟರು. ಕೃಷಿ, ಆರೋಗ್ಯ, ಶಾಲಾ ಪಾಠ. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಅಂದರೆ ನಮ್ಮಲ್ಲಿ ಬಾಹ್ಯಾಕಾಶದ ಕೆಲಸ ಮೊದಲಿನಿಂದಲೇ ರೈತನ ಹೆಸರು ಹೇಳಿಕೊಂಡು ಬಂದದ್ದು. ಹಾಗಿರುವಾಗ ನಾವು ಹೋಗಿ ಲೆಕ್ಕ ಕೇಳುವುದರಲ್ಲಿ ಸಂಕೋಚ ಯಾಕೆ?

ಮೋಡದ ನೆತ್ತಿ

ವಿಮಾನ ವಿಭಾಗದಲ್ಲಿ ಗಾಳಿ ಸುರಂಗ ನೋಡಿದೆ. ವಿಮಾನದ, ರಾಕೆಟಿನ ಸಣ್ಣ ಮಾದರಿಯನ್ನು ಒಳಗೆ ಬಿಗಿದು ಅದರ ಮೇಲೆ ಗಾಳಿ ಹಾಯಿಸುತ್ತಾರೆ. ಮಾದರಿ ನಿಂತಲ್ಲೇ ಇರುತ್ತದೆ, ಓಡುವುದು ಗಾಳಿ. ಅಲ್ಲಿಂದ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ ಹುಡುಕಿಕೊಂಡು ಹೋದೆ. ನನಗೆ ಬೇಕಾದ್ದು ಅಲ್ಲಿತ್ತು.

ಗೋಡೆಯಲ್ಲಿ ಮುಂಗಾರಿನ ನಕ್ಷೆಗಳು. ವಿವರಿಸುತ್ತಿದ್ದ ಹುಡುಗ ಹಾವೇರಿ ಕಡೆಯವನು. ನನ್ನ ಪ್ರಶ್ನೆ ಕೇಳಿ ನಕ್ಕ.

"ಸರ್, ಉಪಗ್ರಹ ಮಳೀ ನೋಡೂದಿಲ್ರಿ. ಮೋಡದ ನೆತ್ತಿ ನೋಡ್ತೈತಿ" ಎಂದ.

ಮುಂದಿನ ಅರ್ಧ ಗಂಟೆಯಲ್ಲಿ ನನಗೆ ಅರ್ಥವಾದದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ.

ನಮಗೆ ಮೋಡದ ಚಿತ್ರ ಕೊಡುವ ಇನ್ಸಾಟ್ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ನೆಲದಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವೂ ಒಂದು ಸುತ್ತು ಬರುತ್ತವೆ. ಹಾಗಾಗಿ ಸದಾ ಒಂದೇ ಜಾಗದ ಮೇಲೆ ನಿಂತ ಹಾಗೆ. 1983ರ ಇನ್ಸಾಟ್-1ಬಿಯಿಂದ ಈ ಕೆಲಸ ನಡೆಯುತ್ತಿದೆ. ನಾನು ಹೋದ ಅದೇ ತಿಂಗಳ 17ರಂದು ಇನ್ಸಾಟ್-3ಡಿಎಸ್ ಶ್ರೀಹರಿಕೋಟಾದಿಂದ ಮೇಲೇರಿತ್ತು.

ರಾತ್ರಿ ಬೆಳಕಿಲ್ಲದಾಗಲೂ ಮೋಡ ಕಾಣಬೇಕಲ್ಲ? ಅದಕ್ಕೆ ಇವು ಶಾಖ ನೋಡುತ್ತವೆ. ಮೋಡ ಎತ್ತರಕ್ಕೆ ಹೋದಷ್ಟೂ ಅದರ ನೆತ್ತಿ ತಣ್ಣಗಾಗುತ್ತದೆ. ತಣ್ಣಗಿನ ನೆತ್ತಿ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೇ ತಿಂಗಳ ಗುಡುಗು ಮೋಡ ನೋಡಿ, ಮುಗಿಲೆತ್ತರ ಎದ್ದು ನಿಲ್ಲುತ್ತದೆ. ಉಪಗ್ರಹಕ್ಕೆ ಅದು ಚೆನ್ನಾಗಿ ಸಿಗುತ್ತದೆ.

ಆಟಿಯ ಮಳೆ ಹಾಗಲ್ಲ. ಅರಬ್ಬಿ ಸಮುದ್ರದ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮಳೆಯಾಗುತ್ತದೆ. ಈ ಮೋಡ ಹಲವು ಸಲ ಗಿಡ್ಡ. ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಚಿತ್ರದಲ್ಲಿ ಮಂಕಾಗಿ ಉಳಿಯುತ್ತದೆ. ಗಿಡ್ಡ ಮೋಡವಾದರೂ ಸುರಿಸುವುದು ಮಾತ್ರ ಕೊಡ ಕವುಚಿದ ಹಾಗೆ. ಶಾಖ ನೋಡಿ ಮಳೆ ಅಂದಾಜು ಮಾಡುವ ಲೆಕ್ಕಗಳು ಪಶ್ಚಿಮ ಘಟ್ಟದಲ್ಲಿ ಮಳೆಯನ್ನು ಕಮ್ಮಿ ತೋರಿಸುವುದು ವಿಜ್ಞಾನಿಗಳಿಗೆ ಗೊತ್ತಿರುವ ಸಂಗತಿಯೇ ಅಂತೆ. ನಾವು ಅಂಗಳದಲ್ಲಿ ನಿಂತು ಕಂಡದ್ದು ಸುಳ್ಳಲ್ಲ!

4,000 ಎಕರೆಗೆ ಒಂದು ಚುಕ್ಕಿ

"ಹಾಗಾದ್ರೆ ನನ್ನ ಮೂರು ಎಕರೆ ತೋಟ ನಿಮ್ಮ ಚಿತ್ರದಲ್ಲಿ ಎಲ್ಲುಂಟು ಮಾರಾಯ್ರೆ?" ಎಂದು ಕೇಳಿದೆ.

ಶಾಖದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದಲ್ಲಿ ಸುಮಾರು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 4,000 ಎಕರೆ ಹತ್ತಿರ. ಅಷ್ಟು ಜಾಗಕ್ಕೆ ಒಂದೇ ಅಂಕೆ. ಗುಡ್ಡದ ಆಚೆ ಮಳೆ, ಈಚೆ ಬಿಸಿಲು ಎಂಬುದು ನಮಗೆ ದಿನನಿತ್ಯದ ಮಾತು. ಆ ಚುಕ್ಕಿಗೆ ಅದು ತಿಳಿಯದು.

ಮುನ್ಸೂಚನೆಯೂ ಹೀಗೇ ಚೌಕ ಚೌಕವಾಗಿ ಲೆಕ್ಕ ಹಾಕಿದ್ದು. 2025ರ ಮೇಯಲ್ಲಿ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಎಂಬ ಹೊಸ ಲೆಕ್ಕ ಬಂತು. 12 ಕಿ.ಮೀ. ಇದ್ದ ಚೌಕ 6 ಕಿ.ಮೀ.ಗೆ ಇಳಿಯಿತು. ಒಳ್ಳೆಯದೇ. ಆದರೂ ಒಂದು ಚೌಕಕ್ಕೆ ಸುಮಾರು 8,900 ಎಕರೆ ಬೀಳುತ್ತದೆ. ಮೋಡದ ಅಡ್ಡಿ ಇಲ್ಲದೆ ನೆಲ ನೋಡುವ ರೇಡಾರ್ ಉಪಗ್ರಹಗಳೂ ಬಂದಿವೆ. 2025ರ ಜುಲೈ 30ರಂದು ಹಾರಿದ ನೈಸಾರ್ ಅದರಲ್ಲೊಂದು, ಭಾರತ-ಅಮೆರಿಕ ಜಂಟಿ ಕೆಲಸ. ಮಣ್ಣಿನ ತೇವಾಂಶವನ್ನೂ ಅಂದಾಜು ಮಾಡುತ್ತದೆ. ಆದರೆ ಅದು ಒಂದೇ ಜಾಗದ ಮೇಲೆ ನಿಂತದ್ದಲ್ಲ. ಸುತ್ತು ಹಾಕುತ್ತಾ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ನಾಳೆ ಮದ್ದು ಬಿಡಬಹುದೇ ಎಂದು ಅದನ್ನು ಕೇಳಲಾಗದು.

ಹುಡುಗ ಕೊನೆಗೆ ಹೇಳಿದ ಮಾತು ಇದು: "ಮ್ಯಾಲಿನ ಲೆಕ್ಕ ಸರಿ ಐತೋ ಇಲ್ಲೋ ಅಂತ ನೋಡಾಕ ನೆಲದಾಗ ಅಳದ ಮಳೀನ ಬೇಕ್ರಿ. ನೀವು ಮಳೀ ಬರದಿಡ್ತೀರೇನು?"

ಬರೆದಿಡುತ್ತೇನೆ ಎಂದೆ. ಎಷ್ಟು ವರ್ಷದ್ದು, ಎಷ್ಟು ಗಂಟೆಗೆ ಅಳೆಯುತ್ತೀರಿ, ಮರದಿಂದ ಎಷ್ಟು ದೂರ ಎಂದು ಅವನೇ ನನ್ನನ್ನು ಪ್ರಶ್ನೆ ಕೇಳತೊಡಗಿದ. ಹಿಂದೆ ನಿಂತಿದ್ದ ಮಕ್ಕಳ ಸಾಲು ಉದ್ದವಾಯಿತು.

ವಿಮೆ ಹಣವೂ ಮಿಲಿಮೀಟರಿನಲ್ಲಿ

ನಮ್ಮಲ್ಲಿ ಮಳೆ ಲೆಕ್ಕ ಇಡುವುದನ್ನು ಹವ್ಯಾಸ ಎಂದು ನೋಡುವವರೇ ಹೆಚ್ಚು. ಆದರೆ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಪರಿಹಾರ ಲೆಕ್ಕ ಹಾಕುವುದು ಬಿದ್ದ ಅಡಿಕೆ ಎಣಿಸಿ ಅಲ್ಲ. ಮಳೆಮಾಪಕದ ಅಂಕೆ ನೋಡಿ. ರಾಜ್ಯದಲ್ಲಿ ಗ್ರಾಮ ಪಂಚಾಯತ್ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳಿವೆ. ಯಂತ್ರ ಎಂದ ಮೇಲೆ ಕೆಡುವುದೂ ಉಂಟು. ಬಾಯಿಗೆ ತರಗೆಲೆ ಬಿದ್ದರೆ, ಒಳಗೆ ಇರುವೆ ಗೂಡು ಕಟ್ಟಿದರೆ ಮಳೆ ಕಮ್ಮಿ ತೋರಿಸುತ್ತದೆ. ಮರದ ಬುಡದಲ್ಲಿ ನಿಲ್ಲಿಸಿದರೂ ಅಷ್ಟೆ.

ನಮ್ಮ ಮನೆ ಪುಸ್ತಕ ವಿಮೆಗೆ ದಾಖಲೆಯಾಗದು, ನಿಜ. ಆದರೆ ಒಂದೇ ಪಂಚಾಯತಿನ ಹತ್ತು ಮನೆಯ ಅಂಕೆ ಒಂದು ಕಡೆ, ಮಾಪಕದ್ದು ಇನ್ನೊಂದು ಕಡೆ ಆದರೆ "ಒಮ್ಮೆ ಬಂದು ನೋಡಿ" ಎಂದು ಗಟ್ಟಿಯಾಗಿ ಹೇಳಬಹುದು. ಅಂಕೆ ಇಲ್ಲದ ಜಗಳಕ್ಕೆ ಬೆಲೆ ಇಲ್ಲ.

ಅಳೆಯುವುದು ಹೀಗೆ

20 ಸೆಂ.ಮೀ. ಬಾಯಗಲದ ಆಳಿಕೆ (ಫನೆಲ್) ಒಂದು, 10 ಲೀಟರಿನ ಕ್ಯಾನ್ ಒಂದು. ಆಳಿಕೆಯನ್ನು ಕ್ಯಾನಿಗೆ ಸರಿಯಾಗಿ ಕೂರಿಸಿ, ಗಾಳಿಗೆ ಬೀಳದಂತೆ ಕಟ್ಟಿ. ಆಳಿಕೆಯ ಬಾಯಿ ಸಮತಟ್ಟಾಗಿರಲಿ. ಮರ, ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯವರೂ ಆ ಹೊತ್ತಿಗೇ ಅಳೆಯುವುದು. ಹೊತ್ತು ಒಂದೇ ಆದರೆ ಅಂಕೆ ಹೋಲಿಸಬಹುದು.

ಈ ಅಳತೆಯ ಆಳಿಕೆಯಲ್ಲಿ 31.4 ಮಿ.ಲೀ. ನೀರು ಎಂದರೆ 1 ಮಿ.ಮೀ. ಮಳೆ. 314 ಮಿ.ಲೀ. ಸಿಕ್ಕಿದರೆ 10 ಮಿ.ಮೀ. ದಿನಕ್ಕೆ 200 ಮಿ.ಮೀ. ಸುರಿದರೆ ಆರೂಕಾಲು ಲೀಟರ್ ದಾಟುತ್ತದೆ, ಅದಕ್ಕೇ ದೊಡ್ಡ ಕ್ಯಾನ್. ಮಳೆ ಬಾರದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಎಂದರೆ ಮಳೆ ಬಂದಿಲ್ಲವೋ, ನೀವು ಅಳೆದಿಲ್ಲವೋ ಗೊತ್ತಾಗದು.

ಹೋಗುವವರಿಗೆ

ಓಪನ್ ಡೇ ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದ ಶನಿವಾರ. ಸಂಸ್ಥೆಯ ಮೂಲಪುರುಷ ಜೆಮ್‌ಶೆಟ್‌ಜಿ ಟಾಟಾ ಹುಟ್ಟಿದ್ದು ಮಾರ್ಚ್ 3ರಂದು, ಅದರ ಆಸುಪಾಸು. ದಿನ ಖಚಿತಮಾಡಿಕೊಂಡೇ ಹೊರಡಿ. ಬೆಳಿಗ್ಗೆ ಬೇಗ ಹೋದರೆ ಮಾತಾಡಲು ಪುರುಸೊತ್ತು ಸಿಗುತ್ತದೆ. ಮಧ್ಯಾಹ್ನದ ನಂತರ ಜನಜಾತ್ರೆ. ನಡೆಯುವುದು ತುಂಬ ಇದೆ, ಇಡೀ ಸಂಸ್ಥೆ ನೋಡುವ ಆಸೆ ಬೇಡ. ಎರಡು ವಿಭಾಗ ಸಾಕು. ಚಂದ್ರಯಾನ-3 ಚಂದ್ರನ ಮೇಲಿಳಿದ ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. 2024ರಲ್ಲಿ ಮೊದಲ ಸಲ ಆಚರಿಸಿದರು. ಬೆಂಗಳೂರು ದೂರವಾಯಿತು ಎನ್ನುವವರು ಆ ದಿನ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಏನಾದರೂ ಉಂಟೋ ವಿಚಾರಿಸಿ.

ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಳೆ ಪುಸ್ತಕ ಇದ್ದರೆ ಅದೂ ಚೀಲದಲ್ಲಿರಲಿ. ಹತ್ತು ವರ್ಷಕ್ಕಿಂತ ಹೆಚ್ಚಿನ ಮಳೆ ಲೆಕ್ಕ ಇಟ್ಟವರು ನಮ್ಮ ಓದುಗರಲ್ಲಿ ಎಷ್ಟು ಮಂದಿ ಇದ್ದೀರಿ? ಊರು, ವರ್ಷ, ಒಟ್ಟು ಮಿ.ಮೀ. ಬರೆದು ಪತ್ರಿಕೆಗೆ ಒಂದು ಕಾರ್ಡು ಹಾಕಿ. ಮುಂದಿನ ಸಲ ಹೋಗುವವರು ಆ ಪಟ್ಟಿ ಹಿಡಿದುಕೊಂಡೇ ಹೋಗಬಹುದು.