ನಾಳೆ ಬತ್ತೆ ಅಮ್ಮ



ನಿಮ್ಮಲ್ಲಿ ಎಷ್ಟು ಮಂದಿಗೆ ಊರಿನಲ್ಲಿ ಒಂದು ಹಳೆಯ ಮನೆಯಿದೆ? ಕೈ ಎತ್ತಿ ಎಂದರೆ ಅರ್ಧಕ್ಕರ್ಧ ಕೈಗಳು ಮೇಲೇಳುತ್ತವೆ ಎಂದು ಬಲ್ಲೆ. ಅಜ್ಜಿ ಇರುವವರೆಗೆ ಮೇ ತಿಂಗಳ ರಜೆಯಲ್ಲಿ ಹೋಗಿ ಬಂದ ಮನೆ. ಈಗ ಬೀಗ ಹಾಕಿ, ಕೀಲಿಕೈಯನ್ನು ನೆರೆಯವರ ಕೈಗೆ ಕೊಟ್ಟು ಬಂದಿರುವ ಮನೆ. ಅದರ ಮಾತು ಬಂದಾಗ ನಿಮ್ಮ ಅಪ್ಪ ಅಮ್ಮ ದನಿ ತಗ್ಗಿಸುವುದನ್ನು ನೀವು ಗಮನಿಸಿರಬಹುದು. ಮಾರುವುದೋ, ಕೆಡವುವುದೋ, ಹಾಗೇ ಬಿಡುವುದೋ? ಈ ಪ್ರಶ್ನೆ ಇಂದಲ್ಲ ನಾಳೆ ನಿಮ್ಮ ಮುಂದೆಯೂ ಬಂದು ನಿಲ್ಲಲಿದೆ. ನಮ್ಮ ಮನೆಗೆ ಅದು ಬಂದಾಗ ಏನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಮ್ಮದು ಕುಂದಾಪುರದ ಬಳಿಯ ಹಳ್ಳಿಯೊಂದರಲ್ಲಿ ಪುಟ್ಟ ಹಂಚಿನ ಮನೆ. ಒಂದು ಜಗಲಿ, ಒಂದು ಚಾವಡಿ, ಎರಡು ಕೋಣೆ, ಅಡುಗೆಮನೆ, ಮೇಲೊಂದು ಅಟ್ಟ, ಹಿಂದೆ ಬಚ್ಚಲು. ನಮ್ಮ ಮಾವನವರು ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಕೋಟೆ ಭಾಗದ ಹೋಟೆಲೊಂದರಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅವರು ಕಳಿಸಿದ ಹಣದಲ್ಲೇ 1959ರಲ್ಲಿ ಮುಳಿಹುಲ್ಲಿನ ಮಾಡು ಇಳಿದು ಹಂಚು ಏರಿತು. ಮರುವರ್ಷ ನಮ್ಮ ಅತ್ತೆ ಮದುವೆಯಾಗಿ ಆ ಮನೆಗೆ ಬಂದರು.

ನಮ್ಮ ಯಜಮಾನರು 2022ರಲ್ಲಿ ಬ್ಯಾಂಕಿನಿಂದ ನಿವೃತ್ತರಾದರು. ಆಗಲೇ ಅತ್ತೆಯವರು, ಡೊಂಬಿವಲಿಯ ನಮ್ಮ ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಕುಳಿತು, "ಮುಂದಿನ ಮಳೆಗಾಲ ಊರ ಮನೆಯಲ್ಲಿ ಕಳೀತೆ" ಎಂದುಬಿಟ್ಟರು. ಎಂಬತ್ತು ದಾಟಿದವರು. ಬೇಡ ಎನ್ನುವುದು ಹೇಗೆ? ಆದರೆ ಮನೆ ಹದಿಮೂರು ವರ್ಷಗಳಿಂದ ಮುಚ್ಚಿತ್ತು. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಮ್ಮಾ, ಅಪ್ಪನ ಪಿ.ಎಫ್. ಹಣ ಅದಕ್ಕೆ ಸುರಿಯಬೇಡಿ. ಮಾರಿಬಿಡಿ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮಗೆ ಇರುವುದು ಅದೊಂದೇ ಗಂಟು.

ಆ ಡಿಸೆಂಬರಿನಲ್ಲಿ ಅತ್ತೆಯವರನ್ನು ನಾದಿನಿಯ ಮನೆಯಲ್ಲಿ ಬಿಟ್ಟು, ಮತ್ಸ್ಯಗಂಧ ಹತ್ತಿ ಹೊರಟೆವು. (1998ರಲ್ಲಿ ಕೊಂಕಣ ರೈಲು ಓಡುವ ಮೊದಲು ಇದೇ ದಾರಿಗೆ ಬಸ್ಸಿನಲ್ಲಿ ಇಡೀ ದಿನವೂ ಸಾಲುತ್ತಿರಲಿಲ್ಲ. ನಿಮ್ಮ ಅಮ್ಮನನ್ನು ಕೇಳಿ ನೋಡಿ. ಘಾಟಿಗಳಲ್ಲಿ ಆದ ವಾಂತಿಯ ಲೆಕ್ಕ ಆಕೆಗೆ ಇನ್ನೂ ನೆನಪಿರುತ್ತದೆ.) ಬೀಗ ತೆಗೆದಾಗ ಕಂಡದ್ದು: ಚಾವಡಿಯಲ್ಲಿ ಬಾವಲಿ, ಹಿಂಗೋಡೆಯ ಮೇಲೆ ಒರಲೆಯ ಮಣ್ಣಿನ ದಾರಿ, ಅಡುಗೆಮನೆಯ ಮಾಡಿನಲ್ಲಿ ಆಕಾಶ.

ಮೊದಲ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾವು ಒಬ್ಬ ಕಂಟ್ರಾಕ್ಟರನನ್ನು ಹಿಡಿದೆವು. ಒಳ್ಳೆಯ ಅಂಗಿ, ಒಳ್ಳೆಯ ಮಾತು. ಮನೆಯನ್ನು ಹತ್ತು ನಿಮಿಷದಲ್ಲಿ ಸುತ್ತಿ ಬಂದು, "ಇದನ್ನೆಲ್ಲ ರಿಪೇರಿ ಮಾಡಿ ಪ್ರಯೋಜನವಿಲ್ಲ ಅಮ್ಮ. ಮಾಡು ತೆಗೆದು ಸ್ಲ್ಯಾಬ್ ಹಾಕಿಬಿಡುವ. ಹಳೆಯ ಮರ, ಹಂಚು ಎಲ್ಲ ನಾನೇ ಸಾಗಿಸಿಕೊಳ್ಳುತ್ತೇನೆ, ಅದಕ್ಕೆ ನೀವು ಒಂದು ಪೈಸೆ ಕೊಡುವುದು ಬೇಡ" ಎಂದ. ಎಂಥ ಉಪಕಾರಿ ಎಂದುಕೊಂಡು ಒಂದು ಲಕ್ಷ ಇಪ್ಪತ್ತು ಸಾವಿರ ಮುಂಗಡ ಕೊಟ್ಟೆವು. ರಸೀದಿ ಬರೆಸಿಕೊಂಡದ್ದು ಯಾರದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ. ಮೂವತ್ತೈದು ವರ್ಷ ಸಾಲದ ಕಾಗದಪತ್ರಗಳನ್ನು ತಿರುವಿ ಹಾಕಿದ ನಮ್ಮ ಯಜಮಾನರೇ ಬರೆಸಿಕೊಂಡದ್ದು; ನಾನೇನೂ ಹೇಳುವುದಿಲ್ಲ. ಅವನ ಆಳುಗಳು ಬಂದು ಬಚ್ಚಲಿನ ಮಾಡು ಬಿಚ್ಚಿದರು, ಎರಡು ಹೊರೆ ಮರ ಸಾಗಿಸಿದರು. ಮರುದಿನದಿಂದ ಅವನ ಫೋನು ಸ್ವಿಚ್ ಆಫ್. ಹಿರಿಯರನ್ನು ಮುಂದಿಟ್ಟುಕೊಂಡು ಮೂರು ಬಾರಿ ಅವನ ಮನೆಗೆ ಅಲೆದ ಮೇಲೆ ನಲವತ್ತು ಸಾವಿರ ವಾಪಸಾಯಿತು. ಉಳಿದದ್ದು ಹೋಯಿತು. ಆ ರಾತ್ರಿ ನಾನೇ ಮಗನಿಗೆ ಫೋನು ಮಾಡಿ, "ನೀನು ಹೇಳಿದ್ದೇ ಸರಿ, ಮಾರಿಬಿಡುವ" ಎಂದೆ.

ತಡೆದದ್ದು ಒಬ್ಬ ಆಚಾರಿ. ಆಚಾರಿ ಎಂದರೆ ನಮ್ಮ ಕಡೆ ಬಡಗಿ. ಬಚ್ಚಲಿಗೆ ಒಂದು ತಾತ್ಕಾಲಿಕ ಬಾಗಿಲು ಮಾಡಿಸಲೆಂದು ನೆರೆಮನೆಯವರು ಕರೆತಂದ ವೃದ್ಧರು. ಹೆಬ್ಬಾಗಿಲಿನ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಹಲಸಿನ ಮರ. ಎಂತದೂ ಆಯ್ಲಿಲ್ಲ" ಎಂದರು. ಆಮೇಲೆ ಅಟ್ಟ ಹತ್ತಿ ಪ್ರತಿಯೊಂದು ಮರವನ್ನೂ ಉಳಿಯ ತುದಿಯಿಂದ ಚುಚ್ಚಿ ನೋಡಿದರು. ಕೆಟ್ಟಿದ್ದು ಒಂದೇ ಬದಿಯ ಹನ್ನೊಂದು ಮರ. ಅವರಿಂದಲೇ ನನಗೆ ತಿಳಿದದ್ದು: ಹಳೆಯ ಹಲಸಿನ ಬಾಗಿಲು, ಕಂಬ, ಹಳೆಯ ಹಂಚು ಇವಕ್ಕೆಲ್ಲ ಈಗ ದೊಡ್ಡ ಪೇಟೆಯಿದೆ. ಹಳ್ಳಿಮನೆಯ ಸೊಗಸು ಬೇಕೆನ್ನುವ ರೆಸಾರ್ಟುಗಳು ಅವನ್ನು ಹುಡುಕಿಕೊಂಡು ಬರುತ್ತವೆ. ಕಂಟ್ರಾಕ್ಟರನ ಉಪಕಾರದ ಗುಟ್ಟು ಅದು. ನಿಮ್ಮ ಊರ ಮನೆಯ ಹಳೆಯ ಸಾಮಾನನ್ನು ಯಾರಾದರೂ ಪುಕ್ಕಟೆ ಸಾಗಿಸುತ್ತೇನೆಂದರೆ ದಯವಿಟ್ಟು ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿಬಿಡಿ.

ಹೀಗೆ ಕಂಟ್ರಾಕ್ಟರನಿಲ್ಲದೆ, ಒಬ್ಬೊಬ್ಬರನ್ನೇ ಕರೆದು ದಿನಗೂಲಿಯ ಮೇಲೆ ಕೆಲಸ ಶುರುವಾಯಿತು. ಯಜಮಾನರ ಮಂಡಿನೋವಿನಿಂದಾಗಿ ಅಟ್ಟ ಹತ್ತಿ ಇಳಿಯುವ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನೋ ಶಿವಮೊಗ್ಗದ ಪೇಟೆಯಲ್ಲಿ, ತಾರಸಿ ಮನೆಯಲ್ಲಿ ಬೆಳೆದವಳು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ, ಮದುವೆಯಾಗಿ ನೇರ ಮುಂಬಯಿಗೆ ಬಂದವಳು. "ಪಕ್ಕಾಸು ಎಷ್ಟು, ರೀಪು ಎಷ್ಟು ಬೇಕು ಹೇಳಿ ಅಮ್ಮ" ಎಂದು ಆಚಾರಿಗಳು ಕೇಳಿದಾಗ ನಾನು ಬೆಪ್ಪಾಗಿ ನಿಂತೆ. ನನ್ನದೇ ಭಾಷೆಯಲ್ಲಿ ನಾನು ಅನಕ್ಷರಸ್ಥೆ! ಮಾಡಿನ ಇಳಿಜಾರಿಗೆ ಮೇಲಿನಿಂದ ಕೆಳಗೆ ಬರುವ ಮರ ಪಕ್ಕಾಸು. ಅದರ ಮೇಲೆ ಅಡ್ಡಡ್ಡವಾಗಿ ಹೊಡೆಯುವ ಪಟ್ಟಿ ರೀಪು. ಹಂಚು ಕೂರುವುದು ರೀಪಿನ ಮೇಲೆ. ನೂರು ಚದರಡಿಗೆ ಸುಮಾರು ನೂರೈವತ್ತು ಹಂಚು ಬೇಕು. ಒಂದೊಂದು ಹಂಚು ಎರಡು ಕಿಲೋಗೂ ಮಿಕ್ಕಿ ತೂಗುತ್ತದೆ. ನಮ್ಮ ತಲೆಯ ಮೇಲಿದ್ದದ್ದು ಹತ್ತಿರ ಹತ್ತಿರ ಮೂರು ಟನ್ ಮಣ್ಣು ಎಂದು ಲೆಕ್ಕ ಹಾಕಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಂಚು ಇಳಿಸುವಾಗ ಕೆಲವುಗಳ ಅಡಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಕಂಡವು. ನಮ್ಮ ಯಜಮಾನರು ಫೋಟೋ ತೆಗೆದು, ನೂರೈವತ್ತು ವರ್ಷಕ್ಕೂ ಹಳೆಯ ಹಂಚೆಂದು ನೆಂಟರಿಗೆಲ್ಲ ಕಳಿಸಿಯೂ ಆಯಿತು. ಅದು ಹಂಚು ಸುಟ್ಟ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹುಟ್ಟಿದ ಈ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿತು, ಮುಂಬಯಿಗೂ ಹಂಚು ಹಡಗೇರಿ ಬಂತು. ಈಗ ಕುಂದಾಪುರದ ಸುತ್ತಲೂ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ. ನಮಗೆ ಕಡಿಮೆ ಬಿದ್ದ ಇನ್ನೂರು ಹಂಚನ್ನು, ಕೆಡವುತ್ತಿದ್ದ ಒಂದು ಮನೆಯಿಂದ ಕೊಂಡು ತಂದೆವು.

ಗೋಡೆಯ ವಿಷಯದಲ್ಲಿ ಮೇಸ್ತ್ರಿಯೊಂದಿಗೆ ನನ್ನದು ದೊಡ್ಡ ಜಗಳ. ಗೋಡೆ ಕೆಂಪುಕಲ್ಲಿನದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಮೇಲಿನ ಸುಣ್ಣದ ಗಾರೆ ಅಲ್ಲಲ್ಲಿ ಉದುರಿತ್ತು. ಎಲ್ಲವನ್ನೂ ಕೆತ್ತಿ ಸಿಮೆಂಟು ಬಳಿದುಬಿಡಿ, ನುಣ್ಣಗಿರಲಿ ಎಂದೆ. ಮೇಸ್ತ್ರಿ ಕರಣೆ ಕೆಳಗಿಟ್ಟು, "ಈ ಗ್ವಾಡಿಗೆ ಸಿಮೆಂಟ್ ಹಾಕೂಕಾಗ ಅಮ್ಮ. ಗ್ವಾಡಿಗೂ ಉಸ್ರ್ ಬಿಡ್ಕಲೆ" ಎಂದರು. ಕೆಲಸ ತಪ್ಪಿಸಿಕೊಳ್ಳುವ ಉಪಾಯವೆಂದೇ ನಾನು ತಿಳಿದೆ. ಅವರು ನನ್ನನ್ನು ಕರೆದುಕೊಂಡು ಹೋಗಿ, ಹಿಂದೊಮ್ಮೆ ಯಾರೋ ಸಿಮೆಂಟು ಬಳಿದಿದ್ದ ಬಚ್ಚಲಿನ ಹೊರಗೋಡೆ ತೋರಿಸಿದರು. ತಟ್ಟಿದರೆ ಟೊಳ್ಳು ಸದ್ದು. ಚಕ್ಕೆ ಎಬ್ಬಿಸಿದರೆ ಒಳಗೆ ಕಲ್ಲು ಒದ್ದೆಮುದ್ದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ, ಮುಂಬಯಿಯ ಒಂದೂವರೆ ಪಟ್ಟಿಗೂ ಹೆಚ್ಚು. ಕೆಂಪುಕಲ್ಲು ನೀರು ಕುಡಿಯುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಬಿಸಿಲಿಗೆ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ.

ಬಿ.ಎ.ಯಲ್ಲಿ ನಾನು ಥಾಮಸ್ ಹಾರ್ಡಿಯ ಕಾದಂಬರಿಗಳನ್ನು ಓದಿದ್ದೆ. ಆತ ಯೌವನದಲ್ಲಿ ವಾಸ್ತುಶಿಲ್ಪಿಯ ಕೈಕೆಳಗೆ ಪಳಗಿ, ಹಳೆಯ ಚರ್ಚುಗಳ ಜೀರ್ಣೋದ್ಧಾರದಲ್ಲಿ ದುಡಿದವನು. ಆ ಉತ್ಸಾಹದಲ್ಲಿ ಎಷ್ಟೋ ಒಳ್ಳೆಯದನ್ನು ಹಾಳು ಮಾಡಿದೆವಲ್ಲ ಎಂದು ಮುಪ್ಪಿನಲ್ಲಿ ಮರುಗಿದ. ಪರೀಕ್ಷೆಗೆ ಬೇಕಿಲ್ಲದ ಈ ಸಂಗತಿ ಮೇಸ್ತ್ರಿಯ ಮುಂದೆ ನಿಂತಾಗಲೇ ನೆನಪಾಗಬೇಕೆ! ಹತ್ತಿರದ ಭಟ್ಟಿಯೊಂದರಿಂದ ಚಿಪ್ಪಿನ ಸುಣ್ಣ ತರಿಸಿ, ದಿನಗಟ್ಟಲೆ ನೆನೆಹಾಕಿ, ಗಾರೆ ಮಾಡಿಸಿದೆವು. ಬೇಗನೆ ಒಣಗುವುದಿಲ್ಲ, ಖರ್ಚೂ ಹೆಚ್ಚು. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಿದೆವು, ಒರಲೆ ಹತ್ತಿರ ಸುಳಿಯುವುದಿಲ್ಲವೆಂದು. ಆ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ. ನನ್ನ ಎಡಗೈ ಮೇಲಿನ ಕಲೆ ಇನ್ನೂ ಮಾಸಿಲ್ಲ.

"ನಾಳೆ ಬತ್ತೆ ಅಮ್ಮ" ಎಂಬ ಮಾತಿಗೂ ಅರ್ಥ ಕಲಿತೆ. ಆಚಾರಿಗಳ ನಾಳೆ ಎಂದರೆ ಒಂದು ವಾರ. ಮೇಸ್ತ್ರಿಯ ನಾಳೆ ಎಂದರೆ ನಾಳೆಯೇ, ಆದರೆ ಹನ್ನೊಂದು ಗಂಟೆಗೆ. ಎಲೆಕ್ಟ್ರಿಷಿಯನ್ನನ ನಾಳೆ ಈ ಜನ್ಮದ್ದಲ್ಲ. ಕಂಬಳ, ಯಕ್ಷಗಾನ ಮೇಳ, ಊರ ದೇವಸ್ಥಾನದ ತೇರು, ಹೆಂಡತಿಯ ತಂಗಿಯ ಮದುವೆ, ಡಿಸೆಂಬರಿನಿಂದ ಮೇವರೆಗೆ ಕರಾವಳಿಯಲ್ಲಿ ಕೆಲಸಕ್ಕೆ ಎಷ್ಟು ದಿನ ಉಳಿಯುತ್ತವೆ, ನೀವೇ ಹೇಳಿ. ಮೊದಮೊದಲು ಸಿಟ್ಟಾಗುತ್ತಿದ್ದೆ. ಆಮೇಲೆ ಆಚಾರಿಗಳು ಬಾರದ ದಿನಗಳಲ್ಲಿ ಎಲ್ಲಿಗೆ ಹೋಗುತ್ತಾರೆಂದು ತಿಳಿಯಿತು. ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ಮಾಡು ನೋಡಬಲ್ಲವರು ಅವರೊಬ್ಬರೇ ಉಳಿದಿದ್ದರು. ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಕೆಲಸಕ್ಕಿದ್ದಾನೆ. ಮಳೆಗೆ ಮುನ್ನ ಎಲ್ಲರಿಗೂ ಅವರೇ ಬೇಕು.

ಇನ್ನು ಮೇಸ್ತ್ರಿಯ ಕೈಯಾಳುಗಳು. ಅವರು ಜಾರ್ಖಂಡಿನ ಹುಡುಗರು. ಅವರಿಗೆ ಕನ್ನಡ ಬಾರದು, ಮೇಸ್ತ್ರಿಗೆ ಹಿಂದಿ ಅಷ್ಟಕ್ಕಷ್ಟೆ. ಅಲ್ಲಿ ನಮ್ಮ ಮುಂಬಯಿ ಹಿಂದಿ ಉಪಯೋಗಕ್ಕೆ ಬಂತು! ಅವರಲ್ಲಿ ಒಬ್ಬ, ಇಪ್ಪತ್ತು ತುಂಬಿರಲಿಲ್ಲ, ಶನಿವಾರ ಬಟವಾಡೆಯಾದ ಕೂಡಲೇ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲೇ ಮನೆಗೆ ಹಣ ಕಳಿಸುತ್ತಿದ್ದ. ಎಷ್ಟು ಇಟ್ಟುಕೊಂಡೆ ಎಂದರೆ ನಗುತ್ತಿದ್ದ. ಊರಿನಲ್ಲಿ ಒಂದು ಇಟ್ಟಿಗೆಯ ಕೋಣೆ ಏಳುತ್ತಿದೆಯಂತೆ. ಗೋಡೆ ಎಲ್ಲಿಯವರೆಗೆ ಬಂತೆಂದು ತಾಯಿ ಕಳಿಸಿದ ಫೋಟೋ ತೋರಿಸಿದ. ಅದೇ ವಾರ ಅಟ್ಟ ಗುಡಿಸುವಾಗ ತಗಡಿನ ಟ್ರಂಕೊಂದು ಸಿಕ್ಕಿತು. ಒಳಗೆ ಮಾವನವರ ಮನಿಯಾರ್ಡರಿನ ಚೀಟಿಗಳು, ದಾರದಲ್ಲಿ ಪೋಣಿಸಿದ್ದು. ಒಂದರ ಮೇಲೆ ಪುಟ್ಟ ಅಕ್ಷರಗಳಲ್ಲಿ, "ಹಂಚಿನ ಬಾಬ್ತು 20 ರೂ. ಆರೋಗ್ಯ ಇದ್ದೇನೆ." ಆ ಚೀಟಿಯನ್ನು ಹುಡುಗನಿಗೆ ತೋರಿಸಿ ಹಿಂದಿಯಲ್ಲಿ ಓದಿ ಹೇಳಿದೆ. ಅವನು ತಲೆಯೆತ್ತಿ ಬರಿಯ ಪಕ್ಕಾಸುಗಳನ್ನು ಬಹಳ ಹೊತ್ತು ನೋಡಿದ. ಅಂದು ಸಂಜೆ ಮಗನಿಗೆ ಆ ಚೀಟಿಯ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ. ಮರುವಾರ ಐವತ್ತು ಸಾವಿರ ರೂಪಾಯಿ ಬಂತು, "ಹಂಚಿನ ಬಾಬ್ತು" ಎಂದು ಬರೆದು.

ಆರು ಲಕ್ಷದ ಅಂದಾಜು ಎಂಟೂವರೆಗೆ ಮುಟ್ಟಿತು. ಪಿ.ಎಫ್. ಗಂಟಿನಲ್ಲಿ ದೊಡ್ಡ ತೂತೇ ಬಿದ್ದಿದೆ. ಜಾಣತನವೋ ಅಲ್ಲವೋ ಎಂದು ನಾವಿಬ್ಬರೂ ಇನ್ನೂ ರಾತ್ರಿ ಚರ್ಚೆ ಮಾಡುತ್ತೇವೆ. ಮಾರಿದವರನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ.

2023ರ ಜೂನಿನಲ್ಲಿ ಅತ್ತೆಯವರನ್ನು ಕರೆತಂದೆವು. ಮಳೆ ಆ ವರ್ಷ ತಡ. ಅದು ಹಿಡಿದ ಮೊದಲ ರಾತ್ರಿ ನಾನು ಟಾರ್ಚ್ ಹಿಡಿದು ಕೋಣೆ ಕೋಣೆ ತಿರುಗಿದೆ. ಚಾವಡಿ ಒಣಗಿತ್ತು, ಕೋಣೆಗಳು ಒಣಗಿದ್ದವು. ಅಡುಗೆಮನೆಯ ಈಶಾನ್ಯ ಮೂಲೆಯಲ್ಲಿ ಮಾತ್ರ ಟಪ್, ಟಪ್. ಎಂಟೂವರೆ ಲಕ್ಷ! ನನಗೆ ಅಳುವೇ ಬಂತು. ಗೋಡೆ ಹಿಡಿದುಕೊಂಡು ಬಂದ ಅತ್ತೆ, ಅಡಿಗೆ ಒಂದು ಕಂಚಿನ ಬಟ್ಟಲು ಸರಿಸಿ, "ಅಲ್ಲ್ ಯಾವತ್ತೂ ಸೋರುದೇ ಹೆಣೆ. ನಾನ್ ಮದಿ ಆಯಿ ಬಂದ ವರ್ಷವೂ ಅಲ್ಲೇ ಸೋರ್ತಿತ್ತ್" ಎಂದು ಹೋಗಿ ಮಲಗಿದರು.

ಬೆಳಿಗ್ಗೆ ಆಚಾರಿಗಳಿಗೆ ಫೋನು ಮಾಡಿದೆ. ನಾಳೆ ಬರುತ್ತೇನೆಂದರು.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಮನೆ ನೋಡಿ ಬನ್ನಿ. ಕೀಲಿಕೈ ನೆರೆಮನೆಯಲ್ಲಿದೆ; ಸಂಘದಲ್ಲಿ ನನ್ನನ್ನು ಕೇಳಿದರೆ ಅವರಿಗೆ ಹೇಳಿಡುತ್ತೇನೆ. ಬಚ್ಚಲಿನ ದೀಪದ ಸ್ವಿಚ್ಚು ಮಾತ್ರ ಅಡುಗೆಮನೆಯಲ್ಲಿದೆ, ಒಳಗೆ ಹೋಗುವ ಮೊದಲೇ ಹಾಕಿಕೊಳ್ಳಿ. ಅದು ಎಲೆಕ್ಟ್ರಿಷಿಯನ್ನನ ಕೆಲಸ.