ಖಾಲಿ ಪಾಟಿಗೆ ಮೊದಲ ಅಕ್ಷರ

ಮಕ್ಕಳೇ, ಹೊಸ ಮೈಕ್ರೋಕಂಟ್ರೋಲರ್ ಚಿಪ್ ಖಾಲಿ ಪಾಟಿಯಂತೆ. ಕಂಪ್ಯೂಟರಿನಿಂದ ಅದರೊಳಗೆ ಆಜ್ಞೆ ಬರೆಯುವ ಬಳಪವೇ ಪ್ರೋಗ್ರಾಮರ್. ಥಾಮಸ್ ಫಿಶ್ಲ್ ರೂಪಿಸಿದ ‘ಯುಎಸ್‌ಬಿಎಎಸ್‌ಪಿ’ಯ ನಕ್ಷೆ ಎಲ್ಲರಿಗೂ ಮುಕ್ತ. ಎಟಿಮೆಗಾ8 ಚಿಪ್, 12 ಮೆಗಾಹರ್ಟ್ಸ್ ಕ್ರಿಸ್ಟಲ್, ಕೆಲವು ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಬೆಸೆದರೆ ಮನೆಯಲ್ಲೇ ಸಿದ್ಧ.

ತೊಡಕೊಂದಿದೆ: ಅದರೊಳಗಿನ ಚಿಪ್ಪೂ ಖಾಲಿಯೇ! ಅದಕ್ಕೆ ಅಕ್ಷರ ಕಲಿಸುವವರಾರು? ಒಂದು ಆರ್ಡುಯಿನೋ ಬೋರ್ಡನ್ನು ಕೈಗಡ ತಂದು ಆರು ತಂತಿ ಜೋಡಿಸಿದರೆ ಅದೇ ಮೊದಲ ಮಾಸ್ತರ. ಔರಾದಿನಲ್ಲಿ ಸಿಗದಿದ್ದರೆ ಭಾಲ್ಕಿ, ಬೀದರಿನ ಎಂಜಿನಿಯರಿಂಗ್ ಕಾಲೇಜಿನ ಅಕ್ಕ-ಅಣ್ಣಂದಿರನ್ನು ಕೇಳಿ.

ಅಜ್ಜ-ಅಜ್ಜಿಯರೇ, ಬೆಸುಗೆ ಹಾಕುವಾಗ ಪಕ್ಕದಲ್ಲಿ ಕೂಡಿರಿ. ‘ಫ್ಯೂಸ್’ ಅಂಕಿ ತಪ್ಪಿದರೆ ಚಿಪ್ ಮಾತೇ ಕೇಳದು; ಪಾಸ್‌ಬುಕ್ಕಿನಂತೆ ಎರಡು ಸಲ ತಾಳೆ ನೋಡಿ. ಕೈಗಡ ತಂದ ಬೋರ್ಡು ಮರಳಿಸಿದ ಮೇಲೆ, ಮುಂದಿನ ಮಗುವಿನ ಖಾಲಿ ಚಿಪ್ಪಿಗೆ ನಿಮ್ಮ ಮನೆಯದೇ ಮಾಸ್ತರ.