ಹೆಸರಿಗೆ ಮೊದಲು ಕರ್ನಲ್, ಕೊನೆಗೆ ನಿವೃತ್ತ

ಮೈಸೂರಿನ ಲಷ್ಕರ್ ಮೊಹಲ್ಲಾದ ಶಾಲೆಯೊಂದು ಸ್ವಾತಂತ್ರ್ಯ ದಿನದ ಧ್ವಜಾರೋಹಣಕ್ಕೆ ಸೇನೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರನ್ನು ಕರೆಯುತ್ತಿದೆ ಎಂದುಕೊಳ್ಳಿ. ಅವರು ಒಪ್ಪಿದ್ದಾರೆ. ಆಹ್ವಾನ ಪತ್ರಿಕೆಯ ಕರಡು ಬರೆಯಲು ಕೂತಾಗ ತೊಡಕು ಶುರುವಾಗುತ್ತದೆ. ಒಬ್ಬರು ‘ನಿವೃತ್ತ ಕರ್ನಲ್ ಶ್ರೀ’ ಎಂದು ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಹೊಡೆದು ‘ಶ್ರೀಯುತ ಕರ್ನಲ್ (ನಿ)’ ಎನ್ನುತ್ತಾರೆ. ಮೂರನೆಯವರು ‘ಮಾಜಿ ಕರ್ನಲ್’ ಎಂದು ಸೂಚಿಸುತ್ತಾರೆ. ಎಲ್ಲರ ಮನಸ್ಸಿನಲ್ಲೂ ಇರುವುದು ಗೌರವವೇ. ಆದರೂ ಈ ಮೂರೂ ಸರಿಯಲ್ಲ.

ಸರಿಯಾದ ಕ್ರಮ ಸರಳವಾಗಿದೆ: ಮೊದಲು ರ‍್ಯಾಂಕ್, ಆಮೇಲೆ ಹೆಸರು, ಶೌರ್ಯ ಪ್ರಶಸ್ತಿ ಇದ್ದರೆ ಅದು, ಕಡೆಯಲ್ಲಿ ಕಂಸದೊಳಗೆ ‘ನಿವೃತ್ತ’. ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರವನ್ನು ಮರಳಿ ಗೆದ್ದ 2ನೇ ರಜಪೂತಾನಾ ರೈಫಲ್ಸ್ ಪಡೆಯನ್ನು ಮುನ್ನಡೆಸಿದ ನಮ್ಮ ದಾವಣಗೆರೆ ಕಡೆಯ ಅಧಿಕಾರಿಯ ಹೆಸರನ್ನು, ಅವರು ಬದುಕಿದ್ದಾಗ, ‘ಕರ್ನಲ್ ಎಂ.ಬಿ. ರವೀಂದ್ರನಾಥ್, ವೀರಚಕ್ರ (ನಿವೃತ್ತ)’ ಎಂದು ಬರೆಯಬೇಕಿತ್ತು. ‘ಶ್ರೀ’ ಬೇಕಿಲ್ಲ, ಅದು ಇರಬೇಕಾದ ಜಾಗದಲ್ಲಿ ರ‍್ಯಾಂಕ್ ಇರುತ್ತದೆ. 2014ರಲ್ಲಿ ಸೇನಾ ಪ್ರಧಾನ ಕಚೇರಿಯೇ ಈ ವಿಷಯದಲ್ಲಿ ಸೂಚನೆ ಕೊಟ್ಟಿತು. ನಿವೃತ್ತರಾಗುವುದು ವ್ಯಕ್ತಿ, ರ‍್ಯಾಂಕ್ ಅಲ್ಲ. ಆದ್ದರಿಂದ ‘ನಿವೃತ್ತ’ ಎಂಬುದು ರ‍್ಯಾಂಕಿಗೆ ಅಂಟಿಕೊಳ್ಳದೆ ಹೆಸರಿನ ನಂತರ ಬರಬೇಕು ಎಂಬುದು ಅದರ ಸಾರ.

ಕನ್ನಡದಲ್ಲಿ ವಿಶೇಷಣ ಮೊದಲೇ ಬರುವುದು ವಾಡಿಕೆ. ಹಾಗಾಗಿ ಪತ್ರಿಕೆಗಳಲ್ಲಿ ‘ನಿವೃತ್ತ ಕರ್ನಲ್’ ಎಂದೇ ಓದಿ ನಮಗೆ ರೂಢಿಯಾಗಿದೆ. ಸುದ್ದಿಯ ವಾಕ್ಯದೊಳಗೆ ಅದು ಸಹಜವಾಗಿ ಕೂರುತ್ತದೆ, ಅಲ್ಲಿ ಜಗಳ ಬೇಡ. ಆಹ್ವಾನ ಪತ್ರಿಕೆ, ಫಲಕ, ಸನ್ಮಾನ ಪತ್ರ, ಪತ್ರದ ವಿಳಾಸ, ಇವುಗಳಲ್ಲಿ ಮಾತ್ರ ಸೇನೆಯ ಕ್ರಮವನ್ನೇ ಪಾಲಿಸುವುದು ಒಳ್ಳೆಯದು. ‘ಮಾಜಿ ಕರ್ನಲ್’ ಎಂಬುದನ್ನಂತೂ ಎಲ್ಲೂ ಬಳಸಬೇಡಿ. ಮಾಜಿ ಶಾಸಕರಿಗೆ ಶಾಸಕತ್ವ ಈಗಿಲ್ಲ. ಕರ್ನಲ್ ಆದವರು ಈಗಲೂ ಕರ್ನಲ್ಲೇ.

ತಹಶೀಲ್ದಾರರು ನಿವೃತ್ತರಾದ ಮೇಲೆ ತಹಶೀಲ್ದಾರರಲ್ಲ. ಕರ್ನಲ್ ಯಾಕೆ ಕರ್ನಲ್ ಆಗಿಯೇ ಉಳಿಯುತ್ತಾರೆ? ತಹಶೀಲ್ದಾರಿಕೆ ಒಂದು ಹುದ್ದೆ, ಕುರ್ಚಿ ಬಿಟ್ಟ ದಿನ ಅದೂ ಬಿಟ್ಟುಹೋಗುತ್ತದೆ. ಸೇನೆಯಲ್ಲೂ ಹುದ್ದೆಗಳಿವೆ. ಪಡೆಯೊಂದರ ಕಮಾಂಡಿಂಗ್ ಆಫೀಸರ್ ಆಗಿರುವುದು ಹುದ್ದೆ, ವರ್ಗಾವಣೆಯ ದಿನ ಅದು ಬೇರೆಯವರಿಗೆ ಹೋಗುತ್ತದೆ. ರ‍್ಯಾಂಕ್ ಹಾಗಲ್ಲ, ಅದು ವ್ಯಕ್ತಿಗೆ ಸೇರಿದ್ದು. ಸಂವಿಧಾನವೂ ಇದಕ್ಕೆ ಜಾಗ ಬಿಟ್ಟಿದೆ. ಅರಮನೆಯ ಮೈಸೂರಿನಲ್ಲಿ ಬಿರುದುಗಳಿಗೆ ಬರವಿರಲಿಲ್ಲ, ಬಿ.ಎಂ. ಶ್ರೀಕಂಠಯ್ಯನವರು ‘ರಾಜಸೇವಾಸಕ್ತ’ರಾಗಿದ್ದನ್ನು ಕನ್ನಡ ಓದಿದವರೆಲ್ಲ ಬಲ್ಲರು. ಸಂವಿಧಾನದ 18ನೇ ವಿಧಿ, ಸರ್ಕಾರ ಬಿರುದು ಕೊಡುವುದನ್ನು ನಿಲ್ಲಿಸಿತು. ಆದರೆ ಸೈನಿಕ ಮತ್ತು ವಿದ್ಯಾ ಸಂಬಂಧದ ಮನ್ನಣೆಗಳನ್ನು ಹೊರಗಿಟ್ಟಿತು. ಅದಕ್ಕೇ ಇಂದಿಗೂ ‘ಡಾ.’ ಉಳಿದಿದೆ, ‘ಕರ್ನಲ್’ ಉಳಿದಿದೆ. ಪದ್ಮ ಪ್ರಶಸ್ತಿಗಳ ವಿಷಯ ಬೇರೆ. ಅವು ಬಿರುದುಗಳಲ್ಲ, ಹೆಸರಿಗೆ ಮೊದಲಾಗಲಿ ಕೊನೆಗಾಗಲಿ ಅವನ್ನು ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು ಬಾಲಾಜಿ ರಾಘವನ್ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. ವೇದಿಕೆಯಲ್ಲಿ ಪರಿಚಯಿಸುವಾಗ ಪದ್ಮ ಪ್ರಶಸ್ತಿ ಬಂದಿದೆಯೆಂದು ಹೇಳಬಹುದು, ಹೆಸರಿನ ಭಾಗ ಮಾಡಬಾರದು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರಚಕ್ರದಂಥ ಶೌರ್ಯ ಪ್ರಶಸ್ತಿಗಳು ಮಾತ್ರ ಹೆಸರಿನ ಜೊತೆಗೇ ಬರುತ್ತವೆ. ಅವನ್ನು ಬಿಟ್ಟರೆ ಅದು ದೊಡ್ಡ ಲೋಪ.

‘ನಿವೃತ್ತ’ ಎಂದು ಎಂದೂ ಬರೆಯಬಾರದ ಒಂದು ರ‍್ಯಾಂಕ್ ಇದೆ, ಅದಕ್ಕೆ ಉದಾಹರಣೆ ನಮ್ಮ ಕೊಡಗಿನವರೇ. ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. 1953ರ ಜನವರಿ 14ರಂದು ನಿವೃತ್ತರಾದರು. ಆ ಎರಡನೆಯ ದಿನವನ್ನೇ ಈಗ ದೇಶದಾದ್ಯಂತ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಜನರಲ್ ಕಾರ್ಯಪ್ಪ. 1986ರಲ್ಲಿ ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ರ‍್ಯಾಂಕ್ ಕೊಟ್ಟಿತು. ಫೀಲ್ಡ್ ಮಾರ್ಷಲ್ ನಿವೃತ್ತರಾಗುವುದೇ ಇಲ್ಲ, ಬದುಕಿರುವವರೆಗೂ ಸೇವೆಯಲ್ಲಿರುವವರೆಂದೇ ಲೆಕ್ಕ. ಹೀಗಾಗಿ ಎಂದೋ ನಿವೃತ್ತರಾಗಿ ಮಡಿಕೇರಿಯಲ್ಲಿ ನೆಲೆಸಿದ್ದ ಹಿರಿಯರು ಆ ದಿನದಿಂದ ಮತ್ತೆ ಸೇನೆಯವರಾದರು. ಅವರಿಗಿಂತ ಮೊದಲು ಸ್ಯಾಮ್ ಮಾಣೆಕ್ ಷಾ ಅವರಿಗೆ ಈ ಗೌರವ ಸಂದಿತ್ತು. ವಾಯುಸೇನೆಯಲ್ಲಿ ಇದಕ್ಕೆ ಸಮನಾದ ರ‍್ಯಾಂಕ್ ಪಡೆದವರು ಅರ್ಜನ್ ಸಿಂಗ್.

ಇನ್ನು ಬಾಯಿಮಾತು. ಬರಹದಲ್ಲಿ ಪೂರ್ತಿ ರ‍್ಯಾಂಕ್ ಬೇಕು, ಮಾತಿನಲ್ಲಿ ಅದು ಚಿಕ್ಕದಾಗುತ್ತದೆ. ಲೆಫ್ಟಿನೆಂಟ್ ಕರ್ನಲ್ ಆದವರನ್ನು ಎದುರಿಗೆ ‘ಕರ್ನಲ್’ ಎಂದೇ ಕರೆಯುತ್ತಾರೆ. ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಜನರಲ್ ಮೂವರೂ ಮಾತಿನಲ್ಲಿ ‘ಜನರಲ್’. ಬ್ರಿಗೇಡಿಯರ್ ಬ್ರಿಗೇಡಿಯರ್ರೇ. ಉದ್ದ ರ‍್ಯಾಂಕಿನ ಮೊದಲ ತುಂಡನ್ನು ಹಿಡಿದು ಲೆಫ್ಟಿನೆಂಟ್ ಜನರಲ್ ಅವರನ್ನು ‘ಲೆಫ್ಟಿನೆಂಟರೇ’ ಎಂದರೆ ಅವರನ್ನು ಕೆಲಸಕ್ಕೆ ಸೇರಿದ ಮೊದಲ ದಿನಕ್ಕೆ ಇಳಿಸಿದಂತೆ. ಮೈಸೂರಿನ ಬಾಯಿಗೆ ‘ಕರ್ನಲ್ ಸಾಹೇಬ್ರೇ’, ‘ಮೇಜರ್ ಸಾರ್’, ‘ಬ್ರಿಗೇಡಿಯರ್ ಸಾರ್’ ಸಲೀಸು. ಇವು ಚೆನ್ನಾಗಿಯೇ ಇವೆ, ಬದಲಿಸುವ ಅಗತ್ಯವಿಲ್ಲ. ಮಹಿಳಾ ಅಧಿಕಾರಿಯಾದರೆ ‘ಕರ್ನಲ್ ಮೇಡಂ’. ರ‍್ಯಾಂಕ್ ಇಬ್ಬರಿಗೂ ಒಂದೇ. ದಂಪತಿಗಳು ಒಟ್ಟಿಗೆ ಬಂದಾಗ ಗಂಡನೇ ಸೇನೆಯವರೆಂದು ಊಹಿಸಿ ಮಾತಾಡಿಸಬೇಡಿ. ಸೇನಾ ಆಸ್ಪತ್ರೆಗಳ ನರ್ಸಿಂಗ್ ಸೇವೆಯ ಅಧಿಕಾರಿಗಳಿಗೂ ಲೆಫ್ಟಿನೆಂಟ್‌ನಿಂದ ಮೇಜರ್ ಜನರಲ್‌ವರೆಗೆ ರ‍್ಯಾಂಕುಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ‘ಸಿಸ್ಟರ್ ಆಗಿದ್ದರು’ ಎಂದು ಪರಿಚಯಿಸಲ್ಪಟ್ಟ ಹಿರಿಯರೊಬ್ಬರು ಕರ್ನಲ್ ಆಗಿದ್ದಿರಬಹುದು.

ಹೆಚ್ಚು ಎಡವುವುದು ‘ಕ್ಯಾಪ್ಟನ್’ ಎಂಬಲ್ಲಿ. ಭೂಸೇನೆಯ ಕ್ಯಾಪ್ಟನ್ ಕಿರಿಯ ಅಧಿಕಾರಿ. ನೌಕಾಸೇನೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ, ವಾಯುಸೇನೆಯ ಗ್ರೂಪ್ ಕ್ಯಾಪ್ಟನ್‌ಗೆ ಸಮ. ವೇದಿಕೆಯ ಮೇಲೆ ಆಸನಗಳನ್ನು ಜೋಡಿಸುವವರು ಇದು ತಿಳಿಯದೆ ನೌಕಾಸೇನೆಯ ಹಿರಿಯರನ್ನು ಭೂಸೇನೆಯ ಮೇಜರರ ನಂತರ ಕೂರಿಸಿಬಿಡುತ್ತಾರೆ. ನೌಕಾಸೇನೆಯವರ ಹೆಸರಿನ ಕೊನೆಗೆ ‘ಭಾರತೀಯ ನೌಕಾಸೇನೆ’ ಎಂದು ಸೇರಿಸಿದರೆ ಗೊಂದಲವಿರುವುದಿಲ್ಲ. ಸಾಲದ್ದಕ್ಕೆ ವಿಮಾನ ಹಾರಿಸುವವರೂ, ವ್ಯಾಪಾರಿ ಹಡಗು ನಡೆಸುವವರೂ ಕ್ಯಾಪ್ಟನ್ನರೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದವರಾದ್ದರಿಂದ ಅವರು ವಿಮಾನದ ಕ್ಯಾಪ್ಟನ್ ಎಂದುಕೊಂಡವರಿದ್ದಾರೆ. ಅವರು ಭೂಸೇನೆಯ ಕ್ಯಾಪ್ಟನ್, ಸೇನೆ ಬಿಟ್ಟ ಮೇಲೆ ಊರಲ್ಲಿ ಬೇಸಾಯ ಮಾಡಿದವರು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಬತ್ತು ದಾಟಿದ ಹಿರಿಯರು ‘ಮೇಜರ್’, ಅವರ ಪಕ್ಕದ ಮನೆಯ ನಲವತ್ತೈದರವರು ‘ಲೆಫ್ಟಿನೆಂಟ್ ಕರ್ನಲ್’. ಹಾಗೆಂದು ಹಿರಿಯರ ಸೇವೆ ಕಡಿಮೆಯದು ಎಂದುಕೊಳ್ಳಬಾರದು. 2004ರ ಕೊನೆಯಲ್ಲಿ ಎ.ವಿ. ಸಿಂಗ್ ಸಮಿತಿಯ ಶಿಫಾರಸಿನಂತೆ ಬಡ್ತಿಯ ನಿಯಮ ಬದಲಾಯಿತು. ಈಗ ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಅದಕ್ಕೆ ಮೊದಲು ಇವೇ ರ‍್ಯಾಂಕುಗಳಿಗೆ ಬಹಳ ಹೆಚ್ಚು ವರ್ಷ ಕಾಯಬೇಕಿತ್ತು. 1965, 1971ರ ಯುದ್ಧಗಳನ್ನು ಕಂಡು ಮೇಜರ್ ಆಗಿಯೇ ನಿವೃತ್ತರಾದವರಿದ್ದಾರೆ. ಆದ್ದರಿಂದ ನಿವೃತ್ತರ ಸಭೆಯಲ್ಲಿ ಆಸನ ಹಾಕುವಾಗ, ಹಾರ ಹಾಕುವಾಗ ರ‍್ಯಾಂಕಿನ ಜೊತೆ ವಯಸ್ಸನ್ನೂ ನೋಡುವ ನಮ್ಮ ಪದ್ಧತಿಯೇ ಹೆಚ್ಚು ನ್ಯಾಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಸೇವೆಯಲ್ಲಿರುವ ಕಿರಿಯ ಅಧಿಕಾರಿಗಳೇ ಅಂಥ ಹಿರಿಯರ ಮುಂದೆ ಎದ್ದು ನಿಲ್ಲುತ್ತಾರೆ.

ಇಷ್ಟೂ ಅಧಿಕಾರಿಗಳ ಮಾತಾಯಿತು. ಆದರೆ ನಮ್ಮ ಮೊಹಲ್ಲಾಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇರುವ ಮಾಜಿ ಸೈನಿಕರಲ್ಲಿ ಹೆಚ್ಚಿನವರು ಜವಾನರು ಮತ್ತು ಸುಬೇದಾರರು. ಅವರ ವಿಷಯದಲ್ಲಿ ನಾವು ತೋರುವ ಅಜಾಗ್ರತೆ ನನ್ನನ್ನು ನಿಜವಾಗಿ ನೋಯಿಸುತ್ತದೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು ರ‍್ಯಾಂಕುಗಳಿವೆ. ಸಿಪಾಯಿಯಾಗಿ ಸೇರಿ ದಶಕಗಟ್ಟಲೆ ದುಡಿದು ಮೇಲೆ ಬಂದವರು ಇವರು. ಸೇನೆಯೊಳಗೆ ಇವರನ್ನು ಇವರಿಗಿಂತ ಮೇಲಿನ ಅಧಿಕಾರಿಗಳೂ ‘ಸಾಬ್’ ಎಂದೇ ಕರೆಯುತ್ತಾರೆ. ಇಪ್ಪತ್ಮೂರರ ಲೆಫ್ಟಿನೆಂಟ್ ಐವತ್ತರ ಸುಬೇದಾರರಿಗೆ ಆದೇಶ ಕೊಡುವುದೂ ‘ಸಾಬ್’ ಎಂದುಕೊಂಡೇ. ಅಧಿಕಾರಿಗಳೇ ಹಾಗೆ ಕರೆಯುವಾಗ ನಾವು ಬೀದಿಯಲ್ಲಿ ‘ಏನ್ ಮಿಲಿಟ್ರಿ’ ಎಂದು ಕೂಗುವುದು ಸರಿಯೇ? ‘ಸುಬೇದಾರ್ ಸಾಹೇಬ್ರೇ’ ಎಂದರೆ ಸಾಕು. ಸುಬೇದಾರರಲ್ಲಿ ಕೆಲವರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ರ‍್ಯಾಂಕ್ ಸಿಗುತ್ತದೆ. ಸಿಯಾಚಿನ್ ನೆತ್ತಿಯಲ್ಲಿ ಶತ್ರುವಿನ ನೆಲೆಯನ್ನು ವಶಪಡಿಸಿಕೊಂಡು ಪರಮವೀರ ಚಕ್ರ ಪಡೆದ ಬಾನಾ ಸಿಂಗ್ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಇಂಥವರ ಹೆಸರನ್ನು ಬರೆಯುವಾಗ ‘ಗೌರವ ಕ್ಯಾಪ್ಟನ್’ ಎಂದು ಪೂರ್ತಿ ಬರೆಯಿರಿ, ಮಾತಿನಲ್ಲಿ ‘ಕ್ಯಾಪ್ಟನ್ ಸಾಹೇಬ್ರೇ’ ಎನ್ನಿ.

ಅಶ್ವದಳದ ಪರಂಪರೆಯ ಪಡೆಗಳಲ್ಲಿ, ಇಂದಿನ ಟ್ಯಾಂಕ್ ದಳಗಳೂ ಸೇರಿದಂತೆ, ಸುಬೇದಾರರಿಗೆ ರಿಸಾಲ್ದಾರ್ ಎಂದೂ ಹವಾಲ್ದಾರರಿಗೆ ದಫೇದಾರ್ ಎಂದೂ ಹೆಸರು. ಲಷ್ಕರ್ ಎಂಬ ಹೆಸರು ಹೊತ್ತ ಮೊಹಲ್ಲಾದವರಿಗೆ ಇದು ತೀರ ಹೊರಗಿನ ಮಾತಲ್ಲ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಶ್ವಸೈನ್ಯವಿತ್ತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆಗೂಡಿ ಹೈಫಾ ನಗರವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರು ಸೇರಿತು. ಸಂಸ್ಥಾನಗಳ ಅಶ್ವಪಡೆಗಳು ಒಂದಾಗಿ 1953ರಲ್ಲಿ ಹುಟ್ಟಿದ 61ನೇ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಕರಗಿತು. ಅಂದಿನ ರಿಸಾಲ್ದಾರರ, ದಫೇದಾರರ ಮೊಮ್ಮಕ್ಕಳಿರುವ ಮನೆಗಳಲ್ಲಿ ಹಿರಿಯರ ಫೋಟೋದ ಕೆಳಗೆ ಆ ರ‍್ಯಾಂಕನ್ನು ಬರೆಸಿದರೆ ತಪ್ಪೇನೂ ಇಲ್ಲ, ಬರೆಸಬೇಕು.

ಹವಾಲ್ದಾರ್, ನಾಯಕ್, ಸಿಪಾಯಿಗಳಾಗಿ ನಿವೃತ್ತರಾದವರು ಮೂವತ್ತೈದು, ನಲವತ್ತರ ವಯಸ್ಸಿಗೇ ಮನೆಗೆ ಬರುತ್ತಾರೆ. ಎರಡನೆಯ ಕೆಲಸ ಹಿಡಿಯಲೇಬೇಕು. ಹಲವರು ಬ್ಯಾಂಕು, ಎಟಿಎಂ, ಅಪಾರ್ಟ್‌ಮೆಂಟುಗಳ ಕಾವಲಿಗೆ ನಿಲ್ಲುತ್ತಾರೆ. ಅಲ್ಲಿ ಅವರೆಲ್ಲರೂ ‘ಸೆಕ್ಯೂರಿಟಿ’. ಹಿಮದಲ್ಲಿ ಗಡಿ ಕಾದವರನ್ನು ನಾವು ಕೆಲಸದ ಹೆಸರು ಹಿಡಿದು ಏಕವಚನದಲ್ಲಿ ಕೂಗುತ್ತೇವೆ. ಒಮ್ಮೆ ‘ಯಾವ ರೆಜಿಮೆಂಟಿನಲ್ಲಿದ್ದಿರಿ?’ ಎಂದು ಕೇಳಿ ನೋಡಿ. ಉತ್ತರ ಬಂದ ಮೇಲೆ ‘ಹವಾಲ್ದಾರ್ರೇ’ ಎಂದು ಕರೆಯುವುದೋ, ಹೆಸರಿಗೆ ‘ಅವರೇ’ ಸೇರಿಸುವುದೋ ನಿಮಗೇ ಹೊಳೆಯುತ್ತದೆ. ಜಾಸ್ತಿ ಸಲುಗೆಯಿದ್ದರೆ ‘ಅಣ್ಣ’ ಇದ್ದೇ ಇದೆ. ಬಹುವಚನ ತಪ್ಪದಿರಲಿ.

ಸೆಲ್ಯೂಟ್ ಹೊಡೆಯಬೇಕೇ ಎಂದು ಮಕ್ಕಳು ಕೇಳುತ್ತಾರೆ. ಬೇಕಿಲ್ಲ. ನಮಸ್ಕಾರ ಸಾಕು, ‘ಜೈ ಹಿಂದ್’ ಎಂದರೆ ಅವರ ಮುಖ ಅರಳುತ್ತದೆ. ಎನ್‌ಸಿಸಿ ಸಮವಸ್ತ್ರದಲ್ಲಿರುವ ಕೆಡೆಟ್ ಮಾತ್ರ ತನ್ನ ಶಿಸ್ತಿನಂತೆ ನಡೆದುಕೊಳ್ಳಲಿ.

ಇಷ್ಟೆಲ್ಲ ತಿಳಿದ ಮೇಲೂ ಮೊದಲ ಭೇಟಿಯಲ್ಲಿ ‘ಸಾರ್, ಪತ್ರಿಕೆಯಲ್ಲಿ ನಿಮ್ಮ ಹೆಸರನ್ನು ಹೇಗೆ ಹಾಕಿಸಲಿ?’ ಎಂದು ಕೇಳುವುದೇ ಎಲ್ಲಕ್ಕಿಂತ ಮೇಲು. ವೈದ್ಯರಾಗಿದ್ದ ಅಧಿಕಾರಿಗಳಲ್ಲಿ ಕೆಲವರು ‘ಕರ್ನಲ್’ ಜೊತೆ ‘ಡಾ.’ ಬೇಕೆನ್ನುತ್ತಾರೆ, ಆಗ ರ‍್ಯಾಂಕ್ ಮೊದಲು, ‘ಡಾ.’ ಆಮೇಲೆ. ಸೇನೆ ಬಿಟ್ಟು ಕೃಷಿಗೋ ಪಾಠ ಹೇಳುವುದಕ್ಕೋ ಇಳಿದವರು ರ‍್ಯಾಂಕೇ ಬೇಡ, ಹೆಸರು ಸಾಕು ಎನ್ನಬಹುದು. ಅವರ ಮಾತಿನಂತೆಯೇ ನಡೆಯಿರಿ, ಒತ್ತಾಯದಿಂದ ರ‍್ಯಾಂಕ್ ಹೊರಿಸುವುದೂ ಅಗೌರವವೇ. ಬೀದಿಯ ಮಕ್ಕಳಿಗೆ ಅವರು ‘ಕರ್ನಲ್ ತಾತ’ ಆಗಿದ್ದರೆ ಅದನ್ನು ತಿದ್ದಲು ಹೋಗಬೇಡಿ.

ತೀರಿಕೊಂಡವರ ಹೆಸರಿನ ಜೊತೆ ‘ನಿವೃತ್ತ’ ಉಳಿಯುವುದಿಲ್ಲ. ‘ದಿವಂಗತ ಕರ್ನಲ್’ ಎಂದು ಬರೆದು ಹೆಸರು ಹಾಕಿದರಾಯಿತು. ಯುದ್ಧದಲ್ಲಿ ಮಡಿದವರಿಗಂತೂ ‘ನಿವೃತ್ತ’ ಎಂಬ ಪದ ಎಂದೂ ಇಲ್ಲ. 1965ರಲ್ಲಿ ಸರ್ಗೋಧಾ ದಾಳಿಯಿಂದ ಮರಳದ ಕೊಡಗಿನ ಅಜ್ಜಮಾಡ ದೇವಯ್ಯನವರು ಇಂದಿಗೂ ಸ್ಕ್ವಾಡ್ರನ್ ಲೀಡರ್ ದೇವಯ್ಯ; ಅವರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹುತಾತ್ಮರ ಪತ್ನಿಯರನ್ನು ಸೇನೆ ‘ವೀರನಾರಿ’ ಎಂದು ಗೌರವಿಸುತ್ತದೆ. ಸಭೆಗೆ ಅವರನ್ನು ಕರೆದಾಗ ಪತ್ರಿಕೆಯಲ್ಲಿ ‘ಇಂಥವರ ಪತ್ನಿ’ ಎಂದಷ್ಟೇ ಹಾಕಿ ನಿಲ್ಲಿಸಬೇಡಿ. ‘ವೀರನಾರಿ ಶ್ರೀಮತಿ’ ಎಂದು ಅವರ ಸ್ವಂತ ಹೆಸರನ್ನು ಮೊದಲು ಬರೆಯಿರಿ, ಅದರ ಕೆಳಗಿನ ಸಾಲಿನಲ್ಲಿ ಪತಿಯ ರ‍್ಯಾಂಕ್, ಹೆಸರು, ರೆಜಿಮೆಂಟ್.